ಒಂದು ಸ್ಟಾರ್‌ಗೆ ಮದ್ದು ಸುಳ್ಳು ಐದು ಸ್ಟಾರ್ ಅಲ್ಲ

ನಮ್ಮ ತಲಘಟ್ಟಪುರಕ್ಕೆ 2021ರಲ್ಲಿ ಮೆಟ್ರೋ ಬಂದ್ಮೇಲೆ ಹೊಸಬರು ಜಾಸ್ತಿ ಆದ್ರು. ಬ್ಲೌಸ್ ಹೊಲಿಸ್ಬೇಕಾದ್ರೂ, ಹೋಳಿಗೆ ಬೇಕಾದ್ರೂ ಅವರು ಮೊದಲು ನೋಡೋದು ಗೂಗಲ್ ಮ್ಯಾಪಲ್ಲಿರೋ ಸ್ಟಾರ್‌ಗಳನ್ನ. ಮನೇಲೇ ವ್ಯಾಪಾರ ಮಾಡೋ ಹೆಣ್ಮಕ್ಕಳಿಗೆ ಇರೋದೇ ಹತ್ತು ಹನ್ನೆರಡು ರಿವ್ಯೂ. ಬಾಗಿಲಿಗೂ ಬರದೇ ಇರೋರು ಯಾರೋ ಒಂದು ಸ್ಟಾರ್ ಒತ್ತಿಬಿಟ್ರೆ ಹೊಟ್ಟೆ ಉರಿಯತ್ತೆ, ನಿಜ.

ಆಗ ನಾವೇನ್ ಮಾಡ್ತೀವಿ? ಫ್ಯಾಮಿಲಿ ಗ್ರೂಪಲ್ಲಿ "ಎಲ್ಲರೂ ಐದು ಸ್ಟಾರ್ ಹಾಕ್ರೇ" ಅಂತೀವಿ. ಮೈಸೂರಿನ ಅತ್ತಿಗೆ, ಅಮೆರಿಕಾದ ನಾದಿನಿ ಹೋಳಿಗೆ ಮುಟ್ಟದೇನೇ "ಸೂಪರ್" ಅಂತಾರೆ. ನನ್ನ ಕೇಳಿದ್ರೆ ಇದು ಸರಿಯಲ್ಲ. ತಿನ್ನದೇ ಬೈಯೋದು ಸುಳ್ಳಾದ್ರೆ, ತಿನ್ನದೇ ಹೊಗಳೋದೂ ಸುಳ್ಳೇ. ಗೂಗಲ್‌ನೋರ ನಿಯಮಕ್ಕೂ ಇದು ವಿರುದ್ಧ, ಗೊತ್ತಾದ್ರೆ ತೆಗೆದುಹಾಕ್ತಾರೆ. ಐಎಸ್‌ಐ ಮಾರ್ಕ್ ಕೊಡೋ ಬಿಐಎಸ್‌ನೋರು ಕೂಡ 2022ರಲ್ಲಿ ಆನ್‌ಲೈನ್ ರಿವ್ಯೂಗೆ ಅಂತಲೇ ಐಎಸ್ 19000 ತಂದ್ರು. ಕಡ್ಡಾಯ ಅಲ್ಲ, ಆದ್ರೆ ಬರೆದೋರು ಯಾರು ಅಂತ ಪರೀಕ್ಷೆ ಮಾಡ್ಬೇಕು ಅನ್ನತ್ತೆ.

ಮತ್ತೇನ್ ಮಾಡ್ಬೇಕು? ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ಆಮೇಲೆ ಒಂದೇ ಸಲ, ಸಿಟ್ಟಿಲ್ಲದೇ ಉತ್ತರ ಬರೀರಿ: "ಈ ಹೆಸರಿನ ಆರ್ಡರ್ ನಮ್ಮ ಪುಸ್ತಕದಲ್ಲಿ ಸಿಗ್ಲಿಲ್ಲ. ಯಾವತ್ತು ತಗೊಂಡ್ರಿ ಹೇಳಿ, ಸರಿ ಮಾಡ್ಕೊಡ್ತೀವಿ." ಆ ಉತ್ತರ ಬೈದೋರಿಗಲ್ಲ, ನಾಳೆ ಬರೋ ಗಿರಾಕಿಗೆ. ಅಳಿಸೋಕೆ ದುಡ್ಡು ಕೇಳಿದ್ರೆ ಕೊಡ್ಬೇಡಿ. ಸೈಬರ್ ಕ್ರೈಂನೋರಿಗೆ ತಿಳಿಸಿ.

ಇನ್ನು ನಮ್ಮ ಪಾಲಿನ ಕೆಲಸ. ವರ್ಷಗಟ್ಟಲೆ ಅವರ ಹತ್ರ ಚಕ್ಲಿ ತಗೊಂಡು ತಿಂದಿದೀವಿ, ಒಂದು ಸಾಲು ಬರೆದಿಲ್ಲ. ತಿಂದಿರೋರು ತಿಂದಿದ್ದನ್ನ ಇದ್ದ ಹಾಗೇ ಬರೆದ್ರೆ ಸಾಕು ಕಣ್ರೇ, ಸುಳ್ಳು ಒಂದು ಸ್ಟಾರ್ ತಾನೇ ಮೂಲೆ ಸೇರತ್ತೆ.