ಮಕ್ಕಳಿಗೆ ಈಜು ಕಲಿಸುವ ಉದ್ಯಮ: ಲೆಕ್ಕ ತಪ್ಪುವುದೆಲ್ಲಿ?

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಊರುಗಳ ಈಜುಕೊಳಗಳ ಮುಂದೆ ತಂದೆ-ತಾಯಿಯರ ಸಾಲು ಬೆಳೆಯುವುದನ್ನು ವಾಚಕರು ಗಮನಿಸಿರಬಹುದು. ಒಂದು ಕಾಲಕ್ಕೆ ಕೆರೆ, ಕಾಲುವೆ, ತೋಟದ ಬಾವಿಗಳಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಅಣ್ಣನಿಂದಲೋ ಸೋದರಮಾವನಿಂದಲೋ ಬಿಟ್ಟಿಯಾಗಿ ಕಲಿಯುತ್ತಿದ್ದ ವಿದ್ಯೆ ಇಂದು ಶುಲ್ಕ ತೆತ್ತು ಪಡೆಯುವ ಸೇವೆಯಾಗಿದೆ. ಬೇಡಿಕೆ ಇದ್ದಲ್ಲಿ ಉದ್ಯಮ ಹುಟ್ಟುವುದು ಸಹಜ. ಆದರೆ ಈ ಉದ್ಯಮದ ಲೆಕ್ಕ ಬಟ್ಟೆ ಅಂಗಡಿಯ ಅಥವಾ ಎಣ್ಣೆ ಗಿರಣಿಯ ಲೆಕ್ಕದಂತಲ್ಲ. ಇಲ್ಲಿ ತಪ್ಪು ಲೆಕ್ಕದ ಬೆಲೆಯನ್ನು ಕೇವಲ ರೂಪಾಯಿಗಳಲ್ಲಿ ತೆರಲಾಗುವುದಿಲ್ಲ ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ಬೇಡಿಕೆಯ ಬಗ್ಗೆ ಸಂದೇಹಕ್ಕೆ ಆಸ್ಪದವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗಡೆ ತಡೆ ದಿನವೆಂದು ಘೋಷಿಸಿದ್ದು ಇದೇ ಕಾರಣಕ್ಕೆ. 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ವಸತಿಧಾಮವೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಜೀವ ಕಳೆದುಕೊಂಡ ಸುದ್ದಿ ಓದಿದ ಅನೇಕ ಪೋಷಕರು ತಮ್ಮ ಮಕ್ಕಳಿಗೆ ಈಜು ಕಲಿಸಲೇಬೇಕೆಂದು ನಿಶ್ಚಯಿಸಿದರು. ಇನ್ನೊಂದೆಡೆ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಅವರಿಂದ ಹಿಡಿದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಶ್ರೀಹರಿ ನಟರಾಜ್ ಮತ್ತು ಆಗಿನ್ನೂ 14 ವರ್ಷದವರಾಗಿದ್ದ ಧಿನಿಧಿ ದೇಸಿಂಘು ಅವರವರೆಗೆ, ಬೆಂಗಳೂರಿನ ಈಜುಗಾರರ ಪರಂಪರೆ ಮಕ್ಕಳಲ್ಲಿ ಆಸೆ ಮೂಡಿಸಿದೆ. ಭಯ ಮತ್ತು ಆಸೆ ಎರಡೂ ಸೇರಿದಾಗ ಮಾರುಕಟ್ಟೆ ತಾನಾಗಿಯೇ ಸಿದ್ಧವಾಗುತ್ತದೆ.

ಹೀಗಿರುವಾಗ ನಮ್ಮ ಸದಸ್ಯರಲ್ಲಿ ಕೆಲವರ ಮೊದಲ ಆಲೋಚನೆ, ಊರ ಹೊರಗಿರುವ ನಿವೇಶನದಲ್ಲಿ ಒಂದು ಕೊಳ ಕಟ್ಟಿಸೋಣ ಎಂಬುದು. ನನ್ನ ಸಲಹೆ ಸ್ಪಷ್ಟ: ಕಟ್ಟಬೇಡಿ. 12 ಮೀಟರ್ ಉದ್ದ, 6 ಮೀಟರ್ ಅಗಲ, 1 ಮೀಟರ್ ಆಳದ ಪುಟ್ಟ ಕಲಿಕಾ ಕೊಳವೂ 72,000 ಲೀಟರ್ ನೀರು ಬೇಡುತ್ತದೆ. 2024ರ ಮಾರ್ಚ್‌ನಲ್ಲಿ, ಬೆಂಗಳೂರಿನ ನೀರಿನ ಅಭಾವದ ದಿನಗಳಲ್ಲಿ, ಅಲ್ಲಿನ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂ. ದಂಡ ವಿಧಿಸುವುದಾಗಿ ಆದೇಶಿಸಿತು. ಈಜಿಗೆ ಅತ್ಯಧಿಕ ಬೇಡಿಕೆ ಇರುವ ತಿಂಗಳುಗಳೇ ನೀರಿಗೆ ಅತ್ಯಧಿಕ ಬರ ಇರುವ ತಿಂಗಳುಗಳು ಎಂಬುದನ್ನು ಮರೆಯಲಾಗದು. ಇದಲ್ಲದೆ, ಕೊಳದ ಸಿವಿಲ್ ಕಾಮಗಾರಿಯ ಮೇಲೆ ತೆತ್ತ ಸರಕು ಮತ್ತು ಸೇವಾ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಸಾಲದ ಕಂತು ಹನ್ನೆರಡು ತಿಂಗಳೂ ಬರುತ್ತದೆ, ಮಕ್ಕಳು ಮಾತ್ರ ಹಾಗೆ ಬರುವುದಿಲ್ಲ.

ಆದ್ದರಿಂದ ಹೋಟೆಲು, ಕ್ಲಬ್ಬು, ಶಾಲೆ, ವಸತಿ ಸಮುಚ್ಚಯಗಳಲ್ಲಿ ದಿನದ ಬಹುಪಾಲು ಖಾಲಿ ಬಿದ್ದಿರುವ ಕೊಳಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದೇ ಸಣ್ಣ ಉದ್ಯಮಿಗೆ ಸೂಕ್ತ ಮಾರ್ಗ. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ.

ನನ್ನ ಕಕ್ಷಿದಾರರಾದ ಜವಳಿ ವ್ಯಾಪಾರಿಯೊಬ್ಬರು ತಮ್ಮ ಮಗಳಿಗಾಗಿ ಇಂಥದೊಂದು ಯೋಜನೆಯನ್ನು ಬರೆದು ತಂದಿದ್ದರು. ಮಗಳು ವಾಣಿಜ್ಯ ಪದವೀಧರೆ. ವಿದ್ಯಾರ್ಥಿ ದೆಸೆಯಲ್ಲಿ ಸ್ಪರ್ಧೆಗಳಲ್ಲಿ ಈಜಿದವರು. ಅಂಕಿಗಳನ್ನು ತುಸು ದುಂಡಾಗಿಸಿ ಹೇಳುವುದಾದರೆ ತಿಂಗಳ ವೆಚ್ಚ ಹೀಗಿತ್ತು: ದಿನಕ್ಕೆ 4 ಗಂಟೆಯಂತೆ 25 ದಿನ, ಗಂಟೆಗೆ 600 ರೂ. ದರದಲ್ಲಿ ಕೊಳದ ಬಾಡಿಗೆ 60,000 ರೂ.; ಇಬ್ಬರು ತರಬೇತುದಾರರಿಗೆ 50,000 ರೂ.; ಜೀವರಕ್ಷಕರೊಬ್ಬರಿಗೆ 15,000 ರೂ.; ಮಕ್ಕಳನ್ನು ನೋಡಿಕೊಳ್ಳುವ ಸಹಾಯಕಿಗೆ 12,000 ರೂ.; ವಿಮೆ, ದೂರವಾಣಿ, ಪ್ರಥಮ ಚಿಕಿತ್ಸೆ ಇತ್ಯಾದಿಗೆ 8,000 ರೂ. ಒಟ್ಟು 1,45,000 ರೂ. ತರಬೇತುದಾರರಲ್ಲಿ ಮಗಳೂ ಒಬ್ಬರು. ಅವರ ಸಂಬಳವನ್ನೂ ವೆಚ್ಚದಲ್ಲಿ ಸೇರಿಸಿದ್ದು ಸರಿಯಾದ ಕ್ರಮ. ಮನೆಯವರ ದುಡಿಮೆಯನ್ನು ಸೊನ್ನೆಯೆಂದು ಹಿಡಿದು ತೋರಿಸುವ ಲಾಭ ಲಾಭವೇ ಅಲ್ಲ.

ಆದಾಯದ ಕಡೆ, ತರಬೇತುದಾರರೊಬ್ಬರಿಗೆ 10 ಮಕ್ಕಳಂತೆ ಒಂದು ಬ್ಯಾಚಿಗೆ 20 ಮಕ್ಕಳು. ದಿನಕ್ಕೆ 4 ಬ್ಯಾಚ್, ದಿನ ಬಿಟ್ಟು ದಿನ ತರಗತಿ, ಹೀಗೆ ಒಟ್ಟು 160 ಸ್ಥಾನಗಳು. ವರ್ಷದ ಸರಾಸರಿ ಶೇ. 60ರಷ್ಟು ಭರ್ತಿಯಾದರೂ 96 ಮಕ್ಕಳು, ತಲಾ 2,000 ರೂ. ಶುಲ್ಕದಿಂದ 1,92,000 ರೂ. ತಿಂಗಳಿಗೆ 47,000 ರೂ. ಉಳಿತಾಯ. ಕಾಗದದ ಮೇಲೆ ಸೊಗಸಾದ ಯೋಜನೆ.

ಅದುವರೆಗೆ ಮೌನವಾಗಿ ಕುಳಿತಿದ್ದ ಮಗಳು ಆಗ ಹೇಳಿದರು: "ಸರ್, ಈಜು ಬಾರದ ಹತ್ತು ಮಕ್ಕಳನ್ನು ನೀರಿನಲ್ಲಿ ನಾನೊಬ್ಬಳೇ ನೋಡಿಕೊಳ್ಳಲು ಆಗುವುದಿಲ್ಲ. ಒಬ್ಬನ ಕೈ ಹಿಡಿದು ಕಲಿಸುವಾಗ ಉಳಿದ ಒಂಬತ್ತು ಮಕ್ಕಳು ನನ್ನ ಬೆನ್ನ ಹಿಂದೆ ಇರುತ್ತಾರೆ. ಆರು ಮಕ್ಕಳಾದರೆ ಸರಿ." ತಂದೆ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡರು. ಆರರ ಲೆಕ್ಕದಲ್ಲಿ ಸ್ಥಾನಗಳು 96ಕ್ಕೆ ಇಳಿದವು. ಶೇ. 60 ಎಂದರೆ 58 ಮಕ್ಕಳು. ಆದಾಯ 1,16,000 ರೂ.; ತಿಂಗಳಿಗೆ 29,000 ರೂ. ನಷ್ಟ. "ಎಲ್ಲರೂ ಹತ್ತು-ಹನ್ನೆರಡು ಮಕ್ಕಳನ್ನು ಇಳಿಸುತ್ತಾರೆ, ನಾವು ಮಾತ್ರ ಯಾಕೆ ಹೀಗೆ?" ಎಂಬುದು ತಂದೆಯ ಪ್ರಶ್ನೆ. ವ್ಯಾಪಾರಿಯಾಗಿ ಅವರ ಪ್ರಶ್ನೆ ಅಸಹಜವೇನೂ ಅಲ್ಲ.

ಈ ಉದ್ಯಮದ ತಿರುಳು ಇರುವುದು ಇಲ್ಲಿಯೇ. ನೀರನ್ನಾಗಲಿ ಜಾಗವನ್ನಾಗಲಿ ಇಲ್ಲಿ ಮಾರುತ್ತಿಲ್ಲ. ಮಾರುವ ಸರಕು ತರಬೇತುದಾರರ ಗಮನ. ಒಬ್ಬರ ಗಮನವನ್ನು ಹತ್ತು ಜನಕ್ಕೆ ಹಂಚಿ ಆರು ಜನಕ್ಕೆ ಕೊಡುವಷ್ಟೇ ಕೊಡುತ್ತೇನೆಂದು ಹೇಳುವುದು ತೂಕದಲ್ಲಿ ಮೋಸ ಮಾಡಿದಂತೆ. ಕಿರಾಣಿ ಅಂಗಡಿಯಲ್ಲಿ ತೂಕ ಕಡಿಮೆಯಾದರೆ ಗಿರಾಕಿ ಮರುದಿನ ಬಂದು ಜಗಳವಾಡುತ್ತಾನೆ. ಇಲ್ಲಿ ಆ ಮರುದಿನವೇ ಇಲ್ಲದೆ ಹೋಗಬಹುದು.

ಹಾಗಾದರೆ ಯೋಜನೆಯನ್ನು ಕೈಬಿಡಬೇಕೆ? ಬೇಕಿಲ್ಲ. ಶುಲ್ಕವನ್ನು 2,500 ರೂ.ಗೆ ಏರಿಸಿದರೆ ಅದೇ 58 ಮಕ್ಕಳಿಂದ ಸರಿಯಾಗಿ 1,45,000 ರೂ. ಬರುತ್ತದೆ, ಖರ್ಚು ಮತ್ತು ಆದಾಯ ಸಮವಾಗುತ್ತವೆ. ಅಂತರವಿರುವುದು ಮಗುವೊಂದಕ್ಕೆ 500 ರೂ. ಮಾತ್ರ. ಈ 500 ರೂ. ಯಾತಕ್ಕೆಂದು ಪೋಷಕರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. "ತರಬೇತುದಾರರೊಬ್ಬರಿಗೆ ಆರೇ ಮಕ್ಕಳು" ಎಂಬ ಸಾಲನ್ನು ರಶೀದಿಯಲ್ಲಿಯೇ ಮುದ್ರಿಸಬೇಕು. ಕಡಿಮೆ ಶುಲ್ಕವನ್ನಷ್ಟೇ ಅರಸುವ ಕೆಲವರು ಬೇರೆಡೆ ಹೋಗುತ್ತಾರೆ, ಹೋಗಲಿ. ಎರಡನೆಯದಾಗಿ, ಕೊಳದ ಬಾಡಿಗೆಯನ್ನು ಹನ್ನೆರಡು ತಿಂಗಳಿಗೂ ಒಂದೇ ಸಮನೆ ನಿಗದಿಪಡಿಸಿಕೊಳ್ಳಬಾರದು. ಏಪ್ರಿಲ್, ಮೇ ತಿಂಗಳುಗಳಿಗೆ 100 ಗಂಟೆ, ಮಳೆಗಾಲಕ್ಕೆ ಅದರ ಅರ್ಧ ಎಂದು ಕರಾರು ಮಾಡಿಕೊಂಡರೆ ಸ್ಥಿರ ವೆಚ್ಚದ ಹೊರೆ ಇಳಿದು, ಲಾಭ ಅಲ್ಲಿಂದ ಹುಟ್ಟುತ್ತದೆ. ಲಾಭವನ್ನು ಬಾಡಿಗೆಯ ಗಂಟೆಗಳಿಂದ ಗಳಿಸಬೇಕೇ ಹೊರತು ಮಕ್ಕಳ ತಲೆಗಳನ್ನು ಹೆಚ್ಚಿಸಿ ಅಲ್ಲ.

ಇನ್ನು ತೆರಿಗೆಯ ವಿಚಾರ. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ನೀಡುವ ಕ್ರೀಡಾ ತರಬೇತಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ, ಖಾಸಗಿ ಉದ್ಯಮಕ್ಕಿಲ್ಲ. ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ನೋಂದಣಿ ಕಡ್ಡಾಯ, ತರಬೇತಿಗೆ ದರ ಶೇ. 18. ಮೇಲಿನ ಉದಾಹರಣೆಯಲ್ಲಿ ವಾರ್ಷಿಕ ವಹಿವಾಟು 17.40 ಲಕ್ಷ ರೂ. ಆದ್ದರಿಂದ ಮಿತಿಯೊಳಗೇ ಇದೆ. ಆದರೆ ನಮ್ಮ ಸದಸ್ಯರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ: ಈ ಮಿತಿಯನ್ನು ಲೆಕ್ಕ ಹಾಕುವುದು ಪ್ಯಾನ್ ಸಂಖ್ಯೆಯ ಆಧಾರದ ಮೇಲೆ. ಈಗಾಗಲೇ ನೋಂದಣಿ ಹೊಂದಿರುವ ಅಂಗಡಿಯ ಮಾಲೀಕರು ತಮ್ಮದೇ ಹೆಸರಿನಲ್ಲಿ ಈಜು ತರಗತಿ ತೆರೆದರೆ ಮೊದಲ ರೂಪಾಯಿಯಿಂದಲೇ ತೆರಿಗೆ ಅನ್ವಯಿಸುತ್ತದೆ. ಆಗ 2,500 ರೂ. ಶುಲ್ಕದಲ್ಲಿ ಸುಮಾರು 381 ರೂ. ಸರ್ಕಾರದ ಪಾಲಾಗಿ, ಸಮತೋಲನಕ್ಕೆ 58ರ ಬದಲು 69 ಮಕ್ಕಳು ಬೇಕಾಗುತ್ತಾರೆ. ನಮ್ಮ ಪ್ರಕರಣದಲ್ಲಿ ಉದ್ಯಮವನ್ನು ನಿಜವಾಗಿ ನಡೆಸುವವರು ಮಗಳೇ ಆದ್ದರಿಂದ ಅದು ಅವರ ಹೆಸರಿನಲ್ಲಿ ಇರುವುದು ನ್ಯಾಯವೂ ಹೌದು, ಅನುಕೂಲವೂ ಹೌದು. ಕೇವಲ ತೆರಿಗೆ ತಪ್ಪಿಸಲು ಮನೆಯವರ ಹೆಸರು ಬಳಸುವುದು ಬೇರೆಯೇ ಮಾತು. ಅದಕ್ಕೆ ನನ್ನ ಸಮ್ಮತಿಯಿಲ್ಲ.

ಬೇಸಿಗೆಯಲ್ಲಿ ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ಪಡೆಯುವ ರೂಢಿ ಇದೆ. ಆ ಹಣ ಕೈಗೆ ಬಂದರೂ ಅದು ಅಂದಿನ ಆದಾಯವಲ್ಲ, ಕಲಿಸಿ ತೀರಿಸಬೇಕಾದ ಋಣ. ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇರಿಸಿ ತಿಂಗಳು ತಿಂಗಳು ಸಂದಷ್ಟನ್ನೇ ವರ್ಗಾಯಿಸಿಕೊಳ್ಳುವುದು ಉತ್ತಮ. ಮೇ ತಿಂಗಳ ಹಣದಲ್ಲಿ ವಾಹನ ಕೊಂಡು ಜುಲೈ ತಿಂಗಳಲ್ಲಿ ಸಂಬಳಕ್ಕೆ ಪರದಾಡಿದವರನ್ನು ನಾನು ಬಲ್ಲೆ.

ಹೊಣೆಗಾರಿಕೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. "ಅನಾಹುತವಾದರೆ ನಾವು ಜವಾಬ್ದಾರರಲ್ಲ" ಎಂಬ ಕಾಗದಕ್ಕೆ ಪೋಷಕರ ಸಹಿ ಪಡೆದರೆ ಸಾಕೆಂದು ಹಲವರು ನಂಬಿದ್ದಾರೆ. ಶುಲ್ಕ ಪಡೆದು ಸೇವೆ ನೀಡುವವರನ್ನು ಅವರದೇ ನಿರ್ಲಕ್ಷ್ಯದ ಪರಿಣಾಮದಿಂದ ಇಂಥ ಕಾಗದ ಕಾಪಾಡುತ್ತದೆಂದು ಭರವಸೆ ಇಡುವಂತಿಲ್ಲ. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಶಿಕ್ಷಣ ಸಂಸ್ಥೆಗಳಿಗೆ ಗ್ರಾಹಕ ಕಾನೂನು ಅನ್ವಯಿಸದೆಂದು ಹೇಳಿದಾಗಲೂ ಕೋಚಿಂಗ್ ಸಂಸ್ಥೆಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಆದುದರಿಂದ ಸಾರ್ವಜನಿಕ ಹೊಣೆಗಾರಿಕೆ ವಿಮೆ ಪಡೆಯುವಾಗ ನೀರಿನೊಳಗಿನ ತರಬೇತಿ ಮತ್ತು ಶುಲ್ಕ ತೆರುವ ವಿದ್ಯಾರ್ಥಿಗಳು ಅದರ ವ್ಯಾಪ್ತಿಗೆ ಬರುತ್ತಾರೆಯೇ ಎಂದು ಷರತ್ತುಗಳನ್ನು ಓದಿ ನೋಡಬೇಕು. ನೀರಿನ ಕ್ಲೋರಿನ್ ಮತ್ತು ಪಿಎಚ್ ಮಟ್ಟವನ್ನು ಯಾರು ಪರೀಕ್ಷಿಸಿ ದಾಖಲಿಸಬೇಕೆಂಬುದು ಕೊಳದ ಮಾಲೀಕರೊಂದಿಗಿನ ಕರಾರಿನಲ್ಲಿ ಇರಬೇಕು. ತಳ ಸ್ಪಷ್ಟವಾಗಿ ಕಾಣದ ದಿನ ತರಗತಿ ನಡೆಸದಿರುವ ಹಕ್ಕು, ಆ ದಿನದ ಬಾಡಿಗೆ ವಿನಾಯಿತಿಯೊಂದಿಗೆ, ಬರವಣಿಗೆಯಲ್ಲಿರಬೇಕು. ಜೀವರಕ್ಷಕರ ಸಂಬಳವನ್ನು ಉಳಿಸಲು ತರಬೇತುದಾರರನ್ನೇ ಜೀವರಕ್ಷಕರೆಂದು ತೋರಿಸುವುದು ಎಂದಿಗೂ ಸಲ್ಲದು.

ನಮ್ಮ ವಾಣಿಜ್ಯ ಸಂಸ್ಥೆಯೂ ಈ ದಿಸೆಯಲ್ಲಿ ಮಾಡಬಹುದಾದ ಕೆಲಸವಿದೆ. ಕೊಳ ಹೊಂದಿರುವ ಹೋಟೆಲ್ ಮಾಲೀಕರೂ ಇಂಥ ಉದ್ಯಮಕ್ಕೆ ಇಳಿಯಬಯಸುವವರೂ ನಮ್ಮ ಸದಸ್ಯರಲ್ಲೇ ಇದ್ದಾರೆ. ಇಬ್ಬರನ್ನೂ ಒಂದೆಡೆ ಸೇರಿಸಿ, ಮಾದರಿ ಕರಾರು ಪತ್ರವೊಂದನ್ನು ಸಿದ್ಧಪಡಿಸಿ, ತರಬೇತುದಾರರೊಬ್ಬರಿಗೆ ಗರಿಷ್ಠ ಮಕ್ಕಳ ಸಂಖ್ಯೆಯನ್ನು ಎಲ್ಲರೂ ಒಪ್ಪಿಕೊಳ್ಳುವಂತೆ ಮಾಡಿದರೆ, "ಎಲ್ಲರೂ ಹತ್ತು ಮಕ್ಕಳನ್ನು ಇಳಿಸುತ್ತಾರೆ" ಎಂಬ ಮಾತಿಗೆ ಅವಕಾಶವಿರುವುದಿಲ್ಲ. ಪ್ರಾಮಾಣಿಕರು ಸ್ಪರ್ಧೆಯಲ್ಲಿ ಸೋಲದಿರಲು ಇದೊಂದೇ ದಾರಿ.

ನನ್ನ ಕಕ್ಷಿದಾರರು ಕೊನೆಗೆ 2,500 ರೂ. ಶುಲ್ಕಕ್ಕೂ ಆರು ಮಕ್ಕಳ ಮಿತಿಗೂ ಒಪ್ಪಿದರು. ಪೂರ್ಣ ಮನಸ್ಸಿನಿಂದ ಎಂದು ಹೇಳಲಾರೆ. ಮೊದಲ ವರ್ಷದ ಜಮಾ-ಖರ್ಚು ಪಟ್ಟಿಯಲ್ಲಿ ಉಳಿದದ್ದು ಅಲ್ಪ ಮೊತ್ತ. ಅದನ್ನು ನೋಡಿ ಅವರು, "ಇಷ್ಟೇನಾ?" ಎಂದರು. ಮಗಳು ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟರು. ಹಿಂದಿನ ವರ್ಷ ಕಲಿತ ಮಕ್ಕಳ ತಮ್ಮ-ತಂಗಿಯರ ಹೆಸರುಗಳು ಅದರಲ್ಲಿ ಆಗಲೇ ಸೇರತೊಡಗಿದ್ದವು.