ಕುರ್ಚಿ ಉಳೀತು, ಕೂತವರು?

ಮ್ಯೂಸಿಯಂ ಮಾತು, ಭಾಗ 4

ಫ್ರೆಂಡ್ಸ್, ಮೊದಲು ಒಂದು ತಪ್ಪೊಪ್ಪಿಗೆ. ಹೋದ ಸೆಮಿಸ್ಟರ್‌ನಲ್ಲಿ ನನ್ನ ಪ್ರೆಸೆಂಟೇಶನ್ ನೆನಪಿದೆಯಾ? ಒಂದು ಸ್ಲೈಡ್‌ನಲ್ಲಿ ಬೆನ್ನಿಗೆ ಏಣಿಯಂತೆ ಅಡ್ಡಪಟ್ಟಿ ಇರೋ ಮರದ ಕುರ್ಚಿ ಹಾಕಿ, ಕೆಳಗೆ ‘ಮಿನಿಮಲಿಸಂ’ ಅಂತ ಒಂದೇ ಪದ ಬರೆದಿದ್ದೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ಆ ಸ್ಲೈಡ್ ತಪ್ಪು. ಯಾಕೆ ಅಂತ ಇವತ್ತು ಹೇಳ್ತೀನಿ.

ಆ ಕುರ್ಚಿ ಅಮೆರಿಕದ ಶೇಕರ್‌ಗಳದ್ದು. ಹೆಸರು ಕೇಳಿರ್ತೀರಿ, ಮಾಡ್ಯುಲರ್ ಕಿಚನ್ ಅಂಗಡಿಯಲ್ಲಿ ‘ಶೇಕರ್ ಡೋರ್’ ಅಂತ ತೋರಿಸ್ತಾರಲ್ಲ, ಅದೇ. ನಮಗೆ ಅದು ಒಂದು ಕಪಾಟಿನ ಬಾಗಿಲು. ಅಲ್ಲಿ ಅದು ಒಂದು ಜನಸಮುದಾಯದ ಹೆಸರು.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆನ್ ಲೀ ಅಂತ ಒಬ್ಬ ಹೆಂಗಸು. ಬಟ್ಟೆ ಗಿರಣಿಯಲ್ಲಿ ದುಡಿದವಳು, ಓದು ಬರಹ ಬಾರದು. ಹೆತ್ತ ನಾಲ್ಕೂ ಮಕ್ಕಳು ತೀರಿಕೊಂಡವು. 1774ರಲ್ಲಿ ಬೆರಳೆಣಿಕೆಯ ಅನುಯಾಯಿಗಳ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಬಂದಳು. ಪ್ರಾರ್ಥನೆಯಲ್ಲಿ ಮೈಮರೆತು ನಡುಗಿ ಕುಣೀತಿದ್ದರಿಂದ ಜನ ಇವರನ್ನು ‘ಶೇಕರ್’ ಅಂದರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಯುದ್ಧಕ್ಕೆ ಹೋಗೋದಿಲ್ಲ. ಊರಿನ ಹಿರಿತನದಲ್ಲಿ ಗಂಡಸು ಹೆಂಗಸು ಇಬ್ಬರಿಗೂ ಸಮಪಾಲು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಲೆಕ್ಕ ಹಾಕಿ ನೋಡಿ.

ಫೋಟೋ 2: ಮ್ಯಾಸಚೂಸೆಟ್ಸ್‌ನ ಹ್ಯಾಂಕಾಕ್ ಶೇಕರ್ ವಿಲೇಜ್. ಇವತ್ತಿನ ಭಾಗದ ಮುಖ್ಯ ಜಾಗ ಇದೇ. ಈ ದುಂಡು ಕಲ್ಲಿನ ಕೊಟ್ಟಿಗೆ ಕಟ್ಟಿದ್ದು 1826ರಲ್ಲಿ. ಹುಲ್ಲಿನ ಗಾಡಿ ಮೇಲಿನ ಅಂತಸ್ತಿನಲ್ಲೇ ಒಳಗೆ ಬಂದು, ಒಂದು ಸುತ್ತು ಹಾಕ್ತಾ ಹುಲ್ಲನ್ನು ನಡುವಿಗೆ ಸುರೀತಿತ್ತು. ಕೆಳಗೆ ಹಸುಗಳು ಸುತ್ತಲೂ, ಮುಖ ಒಳಗೆ ಮಾಡಿ ನಿಂತಿರ್ತಿದ್ದವು. ನಡುವೆ ನಿಂತವನು ಎಲ್ಲಕ್ಕೂ ಮೇವು ಹಾಕಬಹುದು. ಸೆಗಣಿ ಇನ್ನೂ ಕೆಳಗಿನ ಅಂತಸ್ತಿಗೆ, ಅಲ್ಲಿಂದ ಹೊಲಕ್ಕೆ. ನೋಡೋಕೆ ಚೆಂದ ಅಂತ ದುಂಡಗೆ ಕಟ್ಟಿಲ್ಲ ಕಣ್ರಪ್ಪಾ, ನಡೆಯೋ ಹೆಜ್ಜೆ ಉಳೀಲಿ ಅಂತ.

ಫೋಟೋ 3: ಮೊಟ್ಟೆಯಾಕಾರದ ಮರದ ಡಬ್ಬಿ. ಪಕ್ಕದಲ್ಲಿ ಬೆರಳುಗಳ ಹಾಗೆ ಕತ್ತರಿಸಿದ ಪಟ್ಟಿ ಕಾಣ್ತಿದೆಯಲ್ಲ? ಹವೆಗೆ ಮರ ಹಿಗ್ಗಿ ಕುಗ್ಗುತ್ತೆ, ಸೀಳಬಾರದು ಅಂತ ಆ ಬೆರಳುಗಳ ನಡುವೆ ಜಾಗ ಬಿಟ್ಟಿದ್ದಾರೆ. ಮೊಳೆ ತಾಮ್ರದ್ದು, ತುಕ್ಕು ಹಿಡಿದು ಮರಕ್ಕೆ ಕಲೆ ಆಗಬಾರದು ಅಂತ.

ಫೋಟೋ 4: ಗೋಡೆ ಉದ್ದಕ್ಕೂ ಮರದ ಗೂಟಗಳು. ಕಸ ಗುಡಿಸುವಾಗ ಕುರ್ಚಿಯನ್ನೇ ಎತ್ತಿ ಅದಕ್ಕೆ ನೇತು ಹಾಕ್ತಿದ್ದರು.

ಇಷ್ಟು ನೋಡಿದ ಮೇಲೆ ‘ವಾವ್, ಎಷ್ಟು ಸಿಂಪಲ್’ ಅಂತ ಸೇವ್ ಒತ್ತೋದು ಸುಲಭ. ನಾನೂ ಹಾಗೇ ಮಾಡಿದ್ದೆ. ನನ್ನ ಕಣ್ಣು ತೆರೆಸಿದ್ದು ಫೋಟೋ 5. ಹ್ಯಾನಾ ಕೊಹೂನ್ ಅನ್ನೋ ಶೇಕರ್ ಸಹೋದರಿ 1854ರಲ್ಲಿ ಬಿಡಿಸಿದ ‘ಜೀವವೃಕ್ಷ’. ಇದೂ ಹ್ಯಾಂಕಾಕ್ ಸಂಗ್ರಹದಲ್ಲೇ ಇದೆ. ಮರದ ತುಂಬ ದುಂಡು ದುಂಡು ಹಣ್ಣು, ಎಲೆ ಎಲೆಗೂ ಗೆರೆ, ಚುಕ್ಕಿ. ತನಗೆ ದರ್ಶನದಲ್ಲಿ ಕಂಡಿದ್ದು ಅಂತ ಆಕೆ ನಂಬಿದ್ದಳು. ಎಲ್ಲಿ ಹೋಯ್ತು ನನ್ನ ಮಿನಿಮಲಿಸಂ? ಅವರ ಡಬ್ಬಿಗಳೂ ಎಷ್ಟೋ ಸಲ ಕಣ್ಣು ಕುಕ್ಕುವ ಹಳದಿ, ಕೆಂಪು ಬಣ್ಣದವು. ಕಾಲ ಮಾಸಿಸಿದ ಬಣ್ಣವನ್ನು ನಾವು ಅವರ ಅಭಿರುಚಿ ಅಂದುಕೊಂಡಿದ್ದೀವಿ.

ಈಗ ನನ್ನ ಅಭಿಪ್ರಾಯ. ಇಂಥ ಮ್ಯೂಸಿಯಂ ಕುರ್ಚಿ ತೋರಿಸಿ ಸುಮ್ಮನಾದರೆ ಅರ್ಧ ಕೆಲಸ ಮಾಡಿದ ಹಾಗೆ. ಆ ಕುರ್ಚಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ಶೇಕರ್ ಆದ ದಂಪತಿ ಬೇರೆ ಬೇರೆ ಮಲಗಬೇಕಿತ್ತು, ಮಕ್ಕಳು ಸಮುದಾಯದ ಸುಪರ್ದಿಗೆ ಹೋಗ್ತಿದ್ದರು. ಯೂನಿಸ್ ಚಾಪ್‌ಮನ್ ಅನ್ನೋ ತಾಯಿಯ ಮೂರು ಮಕ್ಕಳನ್ನು ಗಂಡ ಶೇಕರ್‌ಗಳ ಬಳಿ ಕರೆದುಕೊಂಡು ಹೋದ. ಆಕೆ ವರ್ಷಗಟ್ಟಲೆ ಹೋರಾಡಿ, 1818ರಲ್ಲಿ ನ್ಯೂಯಾರ್ಕ್ ಶಾಸನಸಭೆಯಿಂದ ತನ್ನೊಬ್ಬಳ ವಿಚ್ಛೇದನಕ್ಕೆಂದೇ ಕಾಯ್ದೆ ಮಾಡಿಸಿಕೊಂಡಳು. ಅನಾಥ ಮಕ್ಕಳಿಗೆ ಅನ್ನ ಹಾಕಿ, ಕಸುಬು ಕಲಿಸಿದವರೂ ಇದೇ ಶೇಕರ್‌ಗಳು. ಎರಡೂ ನಿಜ. ಎರಡೂ ಒಂದೇ ಗೋಡೆ ಮೇಲೆ ಇರಬೇಕು.

‘ಹಾಗಾದ್ರೆ ವಸ್ತು ಕೂಡಿಡೋದೇ ವ್ಯರ್ಥವಾ?’ ಅಂತ ಕೇಳ್ತೀರಿ. ಖಂಡಿತ ಅಲ್ಲ. ಮದುವೆ ಇಲ್ಲದ ಸಮುದಾಯಕ್ಕೆ ವಂಶ ಇಲ್ಲ. ಹೊರಗಿಂದ ಬರೋರು ನಿಂತ ಮೇಲೆ ಊರುಗಳು ಒಂದೊಂದಾಗಿ ಮುಚ್ಚಿದವು: ನ್ಯೂಯಾರ್ಕ್‌ನ ಮೌಂಟ್ ಲೆಬನಾನ್ 1947ರಲ್ಲಿ, ಹ್ಯಾಂಕಾಕ್ 1960ರಲ್ಲಿ. ಈಗ ಉಳಿದಿರೋದು ಮೇಯ್ನ್ ರಾಜ್ಯದ ಸಬ್ಬತ್‌ಡೇ ಲೇಕ್ ಒಂದೇ, ಅಲ್ಲಿ ಇರೋರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಜಾನ್ ವಿಲಿಯಮ್ಸ್ ಅನ್ನೋ ಸಂಗ್ರಾಹಕ, ಶೇಕರ್‌ಗಳ ಸಹಕಾರದಿಂದಲೇ ಅವರ ಉಪಕರಣ, ಬಟ್ಟೆ, ಪೀಠೋಪಕರಣ ಕೂಡಿಸಿ 1950ರಲ್ಲಿ ಶೇಕರ್ ಮ್ಯೂಸಿಯಂ ಶುರು ಮಾಡಿದರು. ಅಲ್ಲೀಗ 18,000ಕ್ಕೂ ಹೆಚ್ಚು ವಸ್ತುಗಳಿವೆ. ಅವರು ಕೂಡಿಡದಿದ್ದರೆ ಎಷ್ಟೋ ಸಾಮಾನು ಹರಾಜಿನಲ್ಲಿ ಚೆದುರಿ ಶ್ರೀಮಂತರ ಡ್ರಾಯಿಂಗ್ ರೂಮ್ ಸೇರ್ತಿತ್ತು. ಯೂನಿಸ್‌ಳ ಕಥೆ ಹೇಳೋಕೂ ಒಂದು ಜಾಗ ಬೇಕಲ್ವಾ?

ಆದರೆ ಸಬ್ಬತ್‌ಡೇ ಲೇಕ್‌ನ ಸಹೋದರಿ ಮಿಲ್ಡ್ರೆಡ್ ಬಾರ್ಕರ್ ಹೇಳಿದ ಮಾತು ನನ್ನ ತಲೆಯಿಂದ ಹೋಗ್ತಿಲ್ಲ. ಜನ ತನ್ನನ್ನು ಒಂದು ಪೀಠೋಪಕರಣವಾಗಿ ನೆನಪಿಟ್ಟುಕೊಳ್ಳೋದು ಆಕೆಗೆ ಬೇಕಿರಲಿಲ್ಲ, ದೇವರಿಗೆ ಕೊಟ್ಟ ಮಾತು ನಡೆಸಿದವಳಾಗಿ ನೆನಪಿರಬೇಕಿತ್ತು. ಬದುಕಿಡೀ ಶೇಕರ್ ಹಾಡುಗಳನ್ನು ಕಂಠದಲ್ಲಿಟ್ಟು ಕಾಪಾಡಿದ ಹೆಂಗಸು ಆಕೆ, ಅದಕ್ಕೆ 1983ರಲ್ಲಿ ರಾಷ್ಟ್ರೀಯ ಗೌರವವೂ ಬಂತು. ನಾನು ಮಾಡಿದ್ದೇನು? ಅಂಥವರ ಇಡೀ ಬದುಕನ್ನು ಒಂದು ಕುರ್ಚಿ, ಒಂದು ಪದಕ್ಕೆ ಇಳಿಸಿಬಿಟ್ಟೆ.

ಆ ಸ್ಲೈಡ್ ತಿದ್ದಿದ್ದೀನಿ. ಕುರ್ಚಿ ಇದೆ, ‘ಮಿನಿಮಲಿಸಂ’ ತೆಗೆದು ಹಾಕಿದ್ದೀನಿ. ಅಲ್ಲಿ ಈಗ ಎರಡು ಪ್ರಶ್ನೆ: ಇದನ್ನು ಯಾರು ಮಾಡಿದರು? ಅದಕ್ಕಾಗಿ ಏನು ಬಿಟ್ಟುಕೊಟ್ಟರು?

ಮುಂದಿನ ಸಲ ಯಾವ ಮ್ಯೂಸಿಯಂಗೆ ಹೋದರೂ ಫೋಟೋ ತೆಗೆಯೋ ಮುಂಚೆ ಈ ಎರಡು ಕೇಳಿ ನೋಡಿ. ಉತ್ತರ ಗೋಡೆ ಮೇಲೆ ಇರಲಿಲ್ಲ ಅಂದ್ರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ನಾಚಿಕೊಳ್ಳಬೇಡಿ.

ಒಪ್ಪೋದಿಲ್ವಾ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ.

#ಮ್ಯೂಸಿಯಂಮಾತು #ಶೇಕರ್ #ಕನ್ನಡದಲ್ಲಿಓದಿ