ರುಜು ಹಾಕಿದ ಕಾಗದ

ನಮ್ಮ ಕಡೆ ಹೆಂಗಸರು ಅರ್ಜಿ ಬರೆದರೆ ರಜೆ ಕೇಳಲು, ಇಲ್ಲವೇ ಪಡಿತರ ಚೀಟಿ ಕೇಳಲು. "ನೀವು ಮಾಡುತ್ತಿರುವುದು ಕಾನೂನಿಗೆ ವಿರುದ್ಧ, ನಿಲ್ಲಿಸಿ" ಎಂದು ಇನ್ನೊಬ್ಬರಿಗೆ ಕಾಗದ ಬರೆದವಳನ್ನು ಊರು ಗಯ್ಯಾಳಿ ಎನ್ನುತ್ತದೆ. ನಾನು ಅಂಥ ಗಯ್ಯಾಳಿ. ಯಾಕಾದೆನೆಂದು ಹೇಳಬೇಕು.

ನಮ್ಮ ಉಡಿಗಾಲದ ಕಡೆ ಹೊಲಗಳಲ್ಲಿ ಅರಿಶಿನ ಬೆಳೆಯುತ್ತಾರೆ. ಆ ಅರಿಶಿನವನ್ನು ಒಂಬತ್ತನೆಯ ತರಗತಿಯ ನನ್ನ ಹುಡುಗಿಯೊಬ್ಬಳ ಕೆನ್ನೆಗೆ ಹಚ್ಚಿದ್ದನ್ನು ಹಲವು ವರ್ಷಗಳ ಹಿಂದೆ ಕಂಡೆ. ದಾಖಲಾತಿ ಪುಸ್ತಕದ ಪ್ರಕಾರ ಅವಳಿಗೆ 15. ಗೊತ್ತಿದ್ದೂ ಚಪ್ಪರದಡಿ ಕುಳಿತು ಉಂಡೆ, ಮುಯ್ಯಿ ಕೊಟ್ಟೆ, ಬಸ್ಸು ಹತ್ತಿದೆ. ಎರಡು ವರ್ಷದ ಮೇಲೆ ತೆರಕಣಾಂಬಿಯಲ್ಲಿ ಕಂಕುಳಲ್ಲಿ ಕೂಸು ಹೊತ್ತು ಎದುರಾದಳು. "ನೀವೂ ಬಂದಿದ್ರಲ್ಲ ಮಿಸ್" ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದೆ ಇನ್ನೊಬ್ಬ ಹುಡುಗಿಯ ಲಗ್ನಪತ್ರಿಕೆ ಕೈಗೆ ಬಂದಾಗ ನಾನು ಬಿಳಿ ಹಾಳೆ ತೆಗೆದುಕೊಂಡೆ. ಮೇಲೆ ತಾರೀಖು. ಕೆಳಗೆ ಹುಡುಗಿಯ ಜನ್ಮದಿನಾಂಕ, ಲಗ್ನದ ದಿನ, ಸ್ಥಳ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಹೆಸರು. ಕೊನೆಗೆ, "ಈ ಮದುವೆ ನಿಲ್ಲಿಸಿ, ನಿಲ್ಲಿಸದಿದ್ದರೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡುತ್ತೇನೆ." ಒಂದು ಬೈಗುಳವಿಲ್ಲ, ಒಂದು ಉಪದೇಶವಿಲ್ಲ. ರುಜು ಹಾಕುವಾಗ ಕೈ ನಡುಗಿತು, ಸುಳ್ಳೇಕೆ ಹೇಳಲಿ? ತಂದೆಗೆ ಕಾಗದ ಮುಟ್ಟಿದ ದಿನವೇ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಪ್ರತಿ ಕೊಟ್ಟು ಸ್ವೀಕೃತಿ ಪಡೆದೆ. ಇದನ್ನು ಮರೆಯಬೇಡಿ. ಬರೀ ಮನೆಯವರಿಗೆ ಬರೆದರೆ ರಾತ್ರೋರಾತ್ರಿ ಹುಡುಗಿಯನ್ನು ನೆಂಟರೂರಿಗೆ ಸಾಗಿಸಿ ತಾಳಿ ಕಟ್ಟಿಸಿಬಿಡುತ್ತಾರೆ.

ತಾಯಿ ಮನೆಬಾಗಿಲಿಗೆ ಬಂದು ಅತ್ತಳು. "ನಿಮ್ಮ ಮಗಳಾಗಿದ್ರ ಹಿಂಗ ಮಾಡ್ತಿದ್ರಾ ಮಿಸ್ಸಮ್ಮ?" ನನ್ನ ಮಗಳು ಆಗ ಕಾಲೇಜಿನಲ್ಲಿದ್ದಳು. ಅದೇ ನನ್ನ ಉತ್ತರ, ಆದರೆ ಬಾಯಿ ಬಿಟ್ಟು ಹೇಳಲಾಗಲಿಲ್ಲ. ಅಧಿಕಾರಿಗಳು ಬಂದರು, ಮುಚ್ಚಳಿಕೆ ಬರೆಸಿಕೊಂಡರು, ಮದುವೆ ನಿಂತಿತು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಆ ಮನೆಯವರು ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ.

ಕಾನೂನಿಗೇನೂ ಬರವಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತ್ತು. 1929ರ ಶಾರದಾ ಕಾಯಿದೆ 14 ಎಂದಿತು, 1978ರ ತಿದ್ದುಪಡಿ 18 ಎಂದಿತು. 2006ರ ಕಾಯಿದೆಯ 13ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಹುದು. ವಿಷಯ ತಿಳಿದ ಯಾರು ಬೇಕಾದರೂ ದೂರು ಕೊಡಬಹುದು. ಕರ್ನಾಟಕದ 2016ರ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಇಷ್ಟೆಲ್ಲ ಇದ್ದೂ ಚಪ್ಪರ ಏಳುತ್ತದೆ. ಏಕೆಂದರೆ ಕಾನೂನು ಪುಸ್ತಕದಲ್ಲಿದೆ, ನಾವು ಪಂಕ್ತಿಯಲ್ಲಿದ್ದೇವೆ.

"ಬಡವರು ಪಾಪ, ಹೆಣ್ಣು ದಾರಿ ತಪ್ಪಿದರೆ ಯಾರು ಹೊಣೆ?" ಎನ್ನುತ್ತೀರಿ. ಬಡತನ ನಿಜ, ಭಯವೂ ನಿಜ. ಆದರೆ ಅದರ ಸಾಲವನ್ನು 15 ವರ್ಷದ ಮೈಯಿಂದ ತೀರಿಸುವುದು ಯಾವ ನ್ಯಾಯ? ಇನ್ನು ಕೆಲವರು ಮೂಗರ್ಜಿ ಹಾಕಿ ಎನ್ನುತ್ತಾರೆ. ನಿಜವಾಗಿ ಭಯವಿರುವವರು 1098ಕ್ಕೆ ಫೋನ್ ಮಾಡಲಿ, ಅದೂ ದೊಡ್ಡ ಕೆಲಸವೇ. ಆದರೆ ಸಂಬಳ, ಸ್ಥಾನ, ಓದು ಇರುವ ನಮ್ಮಂಥವರಿಗೆ ಮರೆಯಲ್ಲಿ ನಿಲ್ಲುವ ಹಕ್ಕಿಲ್ಲ. ಮೂಗರ್ಜಿ ಬಂದಾಗ ಊರು ಬರೆದವರನ್ನು ಹುಡುಕುತ್ತದೆ. ರುಜು ಇದ್ದರೆ ಹುಡುಕಲು ಏನೂ ಉಳಿಯುವುದಿಲ್ಲ. ಆಗಲಾದರೂ ತಪ್ಪಿನ ಮಾತು ಬರುತ್ತದೆ.

ಅಕ್ಕತಂಗಿಯರೇ, ಮುಂದಿನ ಲಗ್ನಪತ್ರಿಕೆ ಬಂದಾಗ ಸೀರೆ ಆರಿಸುವ ಮೊದಲು ಹುಡುಗಿಯ ವಯಸ್ಸು ಕೇಳಿ. 18 ಆಗಿಲ್ಲವೆಂದರೆ ಮುಯ್ಯಿಯ ಕವರು ಪಕ್ಕಕ್ಕಿಟ್ಟು ಬಿಳಿ ಹಾಳೆ ತೆಗೆಯಿರಿ. ಕೈ ನಡುಗುತ್ತದೆ. ನಡುಗುವ ಕೈಯ ರುಜುವೂ ರುಜುವೇ.